ಚೌಕಟ್ಟಿಲ್ಲದ ಚಿತ್ರವನ್ನು ನೋಡುವ ಬಗೆ

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಕಡೆ ಮನೆ ಹುಡುಕುವವರು ಈಗೀಗ ಫ್ಲ್ಯಾಟನ್ನು ಮೊದಲು ನೋಡುವುದೇ ಮೊಬೈಲಿನಲ್ಲಿ. ಬೆರಳಿನಿಂದ ಎಳೆದರೆ ಹಾಲ್ ಸುತ್ತುತ್ತದೆ, ಬಾಣದ ಗುರುತು ಒತ್ತಿದರೆ ಅಡುಗೆಮನೆ ಬರುತ್ತದೆ. ವರ್ಚುವಲ್ ಟೂರ್ ಎಂದರೆ ಬಹಳ ಜನರಿಗೆ ಇಷ್ಟೇ, ಬಿಲ್ಡರನ ಜಾಹೀರಾತು. ಅದಕ್ಕೂ ಒಂದು ರಸವಿದೆ, ಕಣ್ಣನ್ನು ಪಳಗಿಸಿಕೊಂಡರೆ ಅದು ಸಿಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅಂಬರನಾಥದ ಶಿವಾಲಯದಲ್ಲಿ.

ಅಲ್ಲಿನ ಶಾಸನದ ಕಾಲ ಶಕವರ್ಷ 982, ಅಂದರೆ 1060. ಠಾಣೆಯಿಂದ ಆಳುತ್ತಿದ್ದ ಶಿಲಾಹಾರರ ಮುಮ್ಮುಣಿಯ ಕಾಲ. ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಕಾನ್ಹೇರಿ ಗುಹೆಗಳಲ್ಲಿರುವ ಅವರ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಗುಡಿಯ ಮಂಟಪಕ್ಕೆ ಬಂದರೆ ಕೆತ್ತನೆಯ ಕಂಬಗಳು, ಮೇಲೆ ಕೆತ್ತನೆಯ ಚಾವಣಿ. ಗರ್ಭಗುಡಿ ಮಾತ್ರ ಮಂಟಪದ ಮಟ್ಟದಲ್ಲಿಲ್ಲ, ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಲಿಂಗದ ಮುಂದೆ ನಿಂತು ತಲೆಯೆತ್ತಿದರೆ ಶಿಖರವಿಲ್ಲ, ಆಕಾಶವಿದೆ.

ಇದನ್ನು ಸಾಮಾನ್ಯ ಫೋಟೋದಲ್ಲಿ ಹಿಡಿಯುವುದು ಹೇಗೆ? ಲಿಂಗ ಬಂದರೆ ಆಕಾಶ ಹೋಗುತ್ತದೆ, ಆಕಾಶ ಬಂದರೆ ಲಿಂಗ ಹೋಗುತ್ತದೆ. ಪನೋರಮಾದಲ್ಲಿ, ಅಂದರೆ ವರ್ಚುವಲ್ ಟೂರಿನ ಸುತ್ತುಚಿತ್ರದಲ್ಲಿ, ಕತ್ತಲೆಯ ಲಿಂಗದಿಂದ ಬೆರಳನ್ನು ಮೆಲ್ಲಗೆ ಎಳೆಯುತ್ತ ಹೋಗಿ, ಕಲ್ಲಿನ ಗೋಡೆ ಹತ್ತಿ, ಬೆಳಕಿಗೆ ಮುಟ್ಟಬಹುದು. ಆ ಒಂದು ಎಳೆತಕ್ಕೋಸ್ಕರವೇ ಈ ಕಲೆ ಹುಟ್ಟಿದ್ದು ಎಂದು ನನಗೆ ಅನಿಸುತ್ತದೆ.

ಹುಟ್ಟು ಹಳೆಯದೇ. ಎಡಿನ್‌ಬರೋದಲ್ಲಿದ್ದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಸುತ್ತುಚಿತ್ರಕ್ಕೆ ಪೇಟೆಂಟ್ ಪಡೆದ. ದುಂಡು ಕಟ್ಟಡದ ಒಳಗೋಡೆಯ ತುಂಬ ಚಿತ್ರ, ನಡುವೆ ನೋಡುವವನು. 1800ರಲ್ಲಿ ಲಂಡನ್ ಜನ ಮುಗಿಬಿದ್ದು ನೋಡಿದ ಇದೇ ಬಗೆಯ, ಆದರೆ ಪೂರ್ತಿ ಸುತ್ತು ಬರದ ಒಂದು ಬೃಹತ್ ಚಿತ್ರದ ವಸ್ತು ನಮ್ಮ ಶ್ರೀರಂಗಪಟ್ಟಣ. ಹಿಂದಿನ ವರ್ಷವಷ್ಟೇ ಟಿಪ್ಪು ಮಡಿದಿದ್ದ ಮುತ್ತಿಗೆಯನ್ನು ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಸುಮಾರು 120 ಅಡಿ ಉದ್ದಕ್ಕೆ ಬರೆದಿದ್ದ. ಗೆದ್ದವರ ಕಣ್ಣಿನ ಚಿತ್ರ ಅದು. ಸುತ್ತುಚಿತ್ರ ಎಲ್ಲವನ್ನೂ ತೋರಿಸುತ್ತದೆ ಎನ್ನುವವರು ಇದನ್ನು ನೆನೆಯಬೇಕು: ಎಲ್ಲ ದಿಕ್ಕೂ ಕಾಣುತ್ತದೆ ನಿಜ, ಆದರೆ ನಿಂತ ಜಾಗದಿಂದ.

ಹೊಸಬರು ಕಲಿಯಬೇಕಾದ ಮೊದಲ ಪಾಠವೂ ಇದೇ. ಫೋಟೋಗ್ರಾಫರ್ ಸಾಮಾನ್ಯವಾಗಿ ಚೌಕಟ್ಟಿನಿಂದ ಆರಿಸುತ್ತಾನೆ, ಬೇಡದ್ದನ್ನು ಹೊರಗಿಡುತ್ತಾನೆ. ಇಲ್ಲಿ ಹೊರಗೆಂಬುದೇ ಇಲ್ಲ. ಅವನ ಕೈಯಲ್ಲಿ ಉಳಿಯುವುದು ಟ್ರೈಪಾಡನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಊರುತ್ತೇನೆ ಎಂಬುದು ಮಾತ್ರ. ಆದ್ದರಿಂದ ಟೂರ್ ತೆರೆದ ಕೂಡಲೇ ಗರಗರನೆ ತಿರುಗಿಸಬೇಡಿ. ಇಲ್ಲೇ ಏಕೆ ನಿಂತ ಎಂದು ಕೇಳಿಕೊಳ್ಳಿ. ಮಂಟಪದ ನಟ್ಟನಡುವೆ ನಿಂತರೆ ಕಂಬಗಳೆಲ್ಲ ಒಂದೇ ದೂರದಲ್ಲಿ ಸಾಲುಗಟ್ಟಿ ಸಪ್ಪೆಯಾಗುತ್ತವೆ. ಒಂದು ಕಂಬದ ಮಗ್ಗುಲಿಗೆ ಸರಿದು ನಿಂತವನಿಗೆ ಹತ್ತಿರದ ಕೆತ್ತನೆಯೂ ದೂರದ ಬಾಗಿಲೂ ಒಟ್ಟಿಗೆ ದಕ್ಕುತ್ತವೆ.

ಆಮೇಲೆ ಕೆಲಸದ ನಯ ನೋಡಿ. ಈ ಚಿತ್ರವೆಂದರೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಸುತ್ತಲೂ, ಮೇಲೂ ಕೆಳಗೂ ತೆಗೆದ ಹಲವು ಫೋಟೋಗಳ ಹೊಲಿಗೆ. ಹೊಲಿದದ್ದನ್ನು ಬಿಡಿಸಿ ಹಾಸಿದರೆ ಎತ್ತರದ ಎರಡರಷ್ಟು ಅಗಲ. ಕಂಪ್ಯೂಟರ್ ಅದನ್ನೇ ಗೋಳವಾಗಿಯೋ ಆರು ಮುಖದ ಘನವಾಗಿಯೋ ಮಡಚಿ ನಮ್ಮ ಸುತ್ತ ನಿಲ್ಲಿಸುತ್ತದೆ. ಕ್ಯಾಮೆರಾ ತಿರುಗುವಾಗ ಲೆನ್ಸಿನೊಳಗಿನ ಒಂದು ಬಿಂದು ಕದಲಬಾರದು. ಅದು ಕೊಂಚ ಸರಿದರೂ ಹತ್ತಿರದ ಕಂಬ ಹಿಂದಿನ ಗೋಡೆಯ ಮೇಲೆ ಒಂದೊಂದು ಫೋಟೋದಲ್ಲಿ ಒಂದೊಂದು ಕಡೆ ಬೀಳುತ್ತದೆ, ಹೊಲಿಗೆ ಕೂಡುವುದಿಲ್ಲ. ಜರ್ಮನಿಯ ಪ್ರೊಫೆಸರ್ ಹೆಲ್ಮುಟ್ ಡೆರ್ಶ್ 1998ರಲ್ಲಿ ಪನೋರಮಾ ಟೂಲ್ಸ್ ಎಂಬ ತಂತ್ರಾಂಶವನ್ನು ಹಂಚಿದ್ದರಿಂದ ಹೊಲಿಗೆ ಎಲ್ಲರ ಕೈಗೂ ಬಂತು. ಇಂದು ಉಚಿತವಾಗಿ ಸಿಗುವ ಹ್ಯೂಗಿನ್ ಅದರ ಮೇಲೆ ಕಟ್ಟಿದ್ದು. ಹೊಲಿಗೆ ತಪ್ಪಿದ್ದು ಕಾಣಬೇಕಾದರೆ ನೆಲಹಾಸಿನ ಗೆರೆ, ಕಿಟಕಿಯ ಸರಳು, ಕರೆಂಟಿನ ತಂತಿಗಳನ್ನು ನೋಡಿ. ಡೊಂಬಿವಲಿ ಸ್ಟೇಶನ್ನಿನಲ್ಲಿ ತೆಗೆದದ್ದಾದರೆ ಮನುಷ್ಯರನ್ನೇ ನೋಡಿ: ಅರ್ಧ ದೇಹದವರು, ನೆರಳಿದ್ದೂ ಆಳಿಲ್ಲದವರು ಸಿಕ್ಕಾರು. ಕೊನೆಗೆ ನಿಮ್ಮ ಕಾಲಬುಡ ನೋಡಿ. ಟ್ರೈಪಾಡ್ ನಿಂತಿದ್ದ ಜಾಗವನ್ನು ದುಂಡು ಲೋಗೋದಿಂದ ಮುಚ್ಚಿರುತ್ತಾರೆ. ನೆಲವನ್ನು ಬೇರೆಯಾಗಿ ತೆಗೆದು ಅಲ್ಲಿ ಕೂಡಿಸಿದವನೇ ಶ್ರದ್ಧಾವಂತ.

ಒಂದು ನೋಟದಿಂದ ಇನ್ನೊಂದಕ್ಕೆ ದಾಟಿಸುವ ಬಾಣಗಳೇ, ಅಂದರೆ ಹಾಟ್‌ಸ್ಪಾಟುಗಳೇ, ಟೂರಿನ ನಡಿಗೆ. ಮಂಟಪದಿಂದ ಗರ್ಭಗುಡಿಯ ಕಡೆ ಒತ್ತಿದರೆ, ಹೋಗಿ ಮುಟ್ಟಿದಾಗ ನನ್ನ ಮುಖ ಲಿಂಗದ ಕಡೆಗೇ ಇರಬೇಕು. ಎಷ್ಟೋ ಟೂರುಗಳಲ್ಲಿ ಒಳಗೆ ಹೋದವನು ಬಾಗಿಲ ಕಡೆ ಮುಖ ಮಾಡಿರುತ್ತಾನೆ, ಅಲ್ಲಿಗೆ ಗುಡಿಯ ಭಾವವೇ ಕೆಟ್ಟಿತು. ಹೊರಗೋಡೆಯ ನೋಟಗಳಂತೂ ಪ್ರದಕ್ಷಿಣೆಯ ಕ್ರಮದಲ್ಲೇ ಬರಬೇಕು. ಅಂಬರನಾಥದ ಗೋಡೆ ಮೂಲೆಮೂಲೆಯಾಗಿ ಮಡಚಿಕೊಂಡು ಹೋಗುತ್ತದೆ, ಹೆಜ್ಜೆಗೊಂದು ಹೊಸ ಮುಖ ಬಿಸಿಲಿಗೆ ಬರುತ್ತದೆ.

ಬೆಳಕಿನ ವಿಷಯದಲ್ಲಿ ನನ್ನದು ಖಂಡಿತವಾದ ಅಭಿಪ್ರಾಯ. ಕಡಿಮೆ ಬೆಳಕಿನದು, ಹೆಚ್ಚು ಬೆಳಕಿನದು ಎಂದು ಹಲವು ಫೋಟೋ ತೆಗೆದು ಬೆರೆಸುವುದು ಇಲ್ಲಿ ರೂಢಿ, ಅವಶ್ಯವೂ ಹೌದು. ಆದರೆ ಮೂಲೆಮೂಲೆಯೂ ಒಂದೇ ಸಮ ಬೆಳಗಿದರೆ ಗರ್ಭಗುಡಿ ಗೋದಾಮಿನಂತೆ ಕಾಣುತ್ತದೆ. ಕತ್ತಲನ್ನು ಕತ್ತಲಾಗಿ ಬಿಡುವ ಧೈರ್ಯ ಬೇಕು.

ಸುತ್ತುವರಿದ ಜಾಗ ಈ ಕಲೆಗೆ ಒಲಿಯುತ್ತದೆ. ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಕಟ್ಟಿದ ಬಡಾವಣೆಯಲ್ಲಿ ಏಳೇಳು ಮನೆಗಳ ನಡುವೆ 8 ಮೀಟರಿನ ಒಂದು ಅಂಗಳ. ಅಂಥ ಅಂಗಳವನ್ನು ಅಲ್ಲಿಯವರ ಒಪ್ಪಿಗೆ ಪಡೆದು ನಡುವೆ ನಿಂತೇ ತೆಗೆಯಬೇಕು. ದೂರದ್ದು ಒಲಿಯುವುದಿಲ್ಲ. ಠಾಣೆ ಖಾಡಿಯ ಫ್ಲೆಮಿಂಗೋಗಳನ್ನು ಹೀಗೆ ತೆಗೆದರೆ ಕೆಸರಿನ ಮೇಲೆ ಗುಲಾಬಿ ಚುಕ್ಕೆಗಳಷ್ಟೇ ಉಳಿಯುತ್ತವೆ.

ಫ್ಲ್ಯಾಟ್ ನೋಡುವವರಿಗೂ ಒಂದು ಮಾತು. ಅಗಲ ನೋಟದ ಲೆನ್ಸಿನಲ್ಲಿ ಹತ್ತಡಿಯ ಕೋಣೆಯೂ ಸಭಾಂಗಣದಂತೆ ಕಾಣುತ್ತದೆ. ಮೋಸ ಹೋಗದಿರಲು ನೆಲದ ಟೈಲ್ಸ್ ಎಣಿಸಿ. ಸಾಮಾನ್ಯವಾಗಿ ಹಾಕುವುದು ಎರಡಡಿಗೆ ಎರಡಡಿಯದು. ಗೋಡೆಯುದ್ದಕ್ಕೆ ಐದು ಬಂದರೆ ಹತ್ತಡಿ, ಅಷ್ಟೇ.

ಪರದೆಯ ಮೇಲೆ ನೋಡಿಯೇ ಕಣ್ಣು ಪಳಗುವುದಿಲ್ಲ. ಒಂದು ಸಂಜೆ ಕಲ್ಯಾಣದಿಂದ ಕರ್ಜತ್ ಕಡೆಯ ಲೋಕಲ್ ಹತ್ತಿ ಮೂರನೇ ನಿಲ್ದಾಣವಾದ ಅಂಬರನಾಥದಲ್ಲಿ ಇಳಿಯಿರಿ. ಗುಡಿಯ ಬಾಗಿಲು ಪಶ್ಚಿಮಕ್ಕಿದೆ, ಇಳಿಬಿಸಿಲು ಎದುರಿನಿಂದಲೇ ಬರುತ್ತದೆ. ಕ್ಯಾಮೆರಾ ಬೇಡ, ಟ್ರೈಪಾಡಿಗಂತೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮಂಟಪದಲ್ಲಿ ನಾಲ್ಕು ಕಡೆ ನಿಂತು, ನಿಂತಲ್ಲೇ ಒಂದೊಂದು ಸುತ್ತು ತಿರುಗಿ, ನೀವಾದರೆ ಎಲ್ಲಿ ನಿಲ್ಲುತ್ತಿದ್ದಿರಿ ಎಂದು ನಿರ್ಧರಿಸಿ ಬನ್ನಿ.