ರಾಜದ್ರೋಹದ ವಿಚಾರಣೆ: ಟ್ಯಾಸಿಟಸನ ಸಾಕ್ಷ್ಯವೂ ಅಮರಸುಳ್ಯದ ದಂಗೆಯೂ

ರೋಮಿನ ಮೊದಲ ಚಕ್ರವರ್ತಿಗಳ ಕಾಲದ ರಾಜದ್ರೋಹದ ವಿಚಾರಣೆಗಳನ್ನು ನಾವು ಅರಿಯುವುದು ಬಹುಮಟ್ಟಿಗೆ ಟ್ಯಾಸಿಟಸನ ಚರಿತ್ರೆಯಿಂದ. ಆತನು ಟೈಬೀರಿಯಸನು ಗತಿಸಿ ಸುಮಾರು ಎಂಬತ್ತು ವರ್ಷಗಳ ತರುವಾಯ ಬರೆದವನು. ದ್ವೇಷವನ್ನೂ ಪಕ್ಷಪಾತವನ್ನೂ ತೊರೆದು ಬರೆಯುವೆನೆಂದು ಪ್ರತಿಜ್ಞೆಮಾಡಿದರೂ, ಚಕ್ರವರ್ತಿಯ ಮನಸ್ಸಿನೊಳಗಣ ಕೇಡನ್ನು ಸೂಚಿಸುವುದರಲ್ಲಿ ಆತನು ಎಂದೂ ಹಿಂಜರಿದವನಲ್ಲ. ಇಂತಹವನನ್ನು ಎಷ್ಟರಮಟ್ಟಿಗೆ ನಂಬಬಹುದು?

ಆತನೇ ಕೊಡುವ ಸಂಗತಿಗಳನ್ನು ನೋಡೋಣ. ಪೂರ್ವದಲ್ಲಿ ಕೃತ್ಯಕ್ಕೆ ಮಾತ್ರ ಅನ್ವಯಿಸುತ್ತಿದ್ದ ಶಾಸನವು ಆಗಸ್ಟಸನ ಕಾಲದಲ್ಲಿ ಬರಹಕ್ಕೂ ಹಬ್ಬಿತು. ದೂರುಗಾರರಿಗೆ ಅಪರಾಧಿಯ ಆಸ್ತಿಯಲ್ಲಿ ಪಾಲು ದೊರೆಯುತ್ತಿದ್ದಿತು. ಕ್ರಿ.ಶ. 25ರಲ್ಲಿ ಕ್ರೆಮೂಟಿಯಸ್ ಕಾರ್ಡಸನು ಬ್ರೂಟಸನನ್ನು ಹೊಗಳಿ ಬರೆದ ಕಾರಣಕ್ಕೆ ಆಪಾದಿತನಾಗಿ, ಉಪವಾಸದಿಂದ ಪ್ರಾಣಬಿಟ್ಟನು. ಅವನ ಗ್ರಂಥಗಳನ್ನು ಸುಡಲಾಯಿತು. ಆದರೆ ಕ್ರಿ.ಶ. 15ರಲ್ಲಿ ಇಂತಹುದೇ ಕೆಲವು ಕ್ಷುಲ್ಲಕ ಆಪಾದನೆಗಳನ್ನು ಟೈಬೀರಿಯಸನೇ ತಳ್ಳಿಹಾಕಿದನೆಂಬುದನ್ನೂ ಟ್ಯಾಸಿಟಸನು ಮರೆಮಾಚುವುದಿಲ್ಲ. ಅವನ ಸೂಚನೆಗಳನ್ನು ಸಂಶಯಿಸಬಹುದು. ಸಂಗತಿಗಳನ್ನು ಸುಲಭವಾಗಿ ಅಲ್ಲಗಳೆಯಲಾಗದು.

ಇದಕ್ಕೆ ದೃಢವಾದ ಆಧಾರವೊಂದು ದೊರೆತಿದೆ. ಕ್ರಿ.ಶ. 20ರಲ್ಲಿ ನಡೆದ ಪೀಸೋವಿನ ವಿಚಾರಣೆಯ ಕುರಿತು ಸೆನೆಟ್ ಸಭೆಯು ಹೊರಡಿಸಿದ ನಿರ್ಣಯವು ಸ್ಪೇನಿನ ಕಂಚಿನ ಫಲಕಗಳಲ್ಲಿ ಸಿಕ್ಕಿ, 1996ರಲ್ಲಿ ಪ್ರಕಟವಾಯಿತು. ಅದು ಆದ್ಯಂತವೂ ರಾಜಕುಟುಂಬದ ಸ್ತುತಿ. ಆದರೂ ಪೀಸೋವಿನ ಹೆಂಡತಿ ಪ್ಲಾಂಕೀನಳನ್ನು ರಾಜಮಾತೆಯ ಕೋರಿಕೆಯಿಂದ ಕ್ಷಮಿಸಲಾಯಿತೆಂದು ಅದೇ ಫಲಕವು ಹೇಳುತ್ತದೆ. ಟ್ಯಾಸಿಟಸನು ಆಕ್ಷೇಪಿಸಿದುದೂ ಇದನ್ನೇ. ಗೆದ್ದವರ ದಾಖಲೆಯೂ ಸೂಕ್ಷ್ಮವಾಗಿ ಓದಿದರೆ ಸೋತವರ ಪರವಾಗಿ ಸಾಕ್ಷಿ ನುಡಿಯುತ್ತದೆ.

ಈ ನಿಯಮವನ್ನು ನಮ್ಮ ಸೀಮೆಗೂ ಅನ್ವಯಿಸಬೇಕಾಗಿದೆ. ಕೋಡಿಂಬಾಳದಿಂದ ಅಷ್ಟೇನೂ ದೂರವಲ್ಲದ ಬೆಳ್ಳಾರೆಯ ಖಜಾನೆಯನ್ನು 1837ರಲ್ಲಿ ರೈತರು ವಶಪಡಿಸಿಕೊಂಡು, ಮಂಗಳೂರಿನವರೆಗೂ ನಡೆದರು. ಸರಕಾರದ ಬರಹಗಳಲ್ಲಿ ಇದು ಬಂಡಾಯ, ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’, ಈಚಿನವರಿಗೆ ಸ್ವಾತಂತ್ರ್ಯಸಮರ. ಹೆಸರಿನಲ್ಲಿಯೇ ತೀರ್ಪು ಅಡಗಿದೆ. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಈಗ ಸರಕಾರದ ಸಂಗತಿಗಳನ್ನೇ ಕೇಳೋಣ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿಯು ಅಮರಸುಳ್ಯವನ್ನು ಕನ್ನಡ ಜಿಲ್ಲೆಗೆ ಸೇರಿಸಿ, ಹಿಂದೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ದಂಗೆಯು ಅಡಗಿದ ಮೇಲೆ ತನಗೆ ನಿಷ್ಠರಾಗಿದ್ದ ಕೊಡಗರಿಗೆ ಪದಕಗಳನ್ನು ಹಂಚಿತು. ಮೊದಲನೆಯದು ದಂಗೆಯ ಕಾರಣವನ್ನೂ, ಎರಡನೆಯದು ನಾಡಿನವರನ್ನು ನಾಡಿನವರ ಮೇಲೆಯೇ ನಿಲ್ಲಿಸಿದ ಬಗೆಯನ್ನೂ ತಿಳಿಸುತ್ತವೆ.

ಆದರೆ ಒಂದು ಎಚ್ಚರಿಕೆ ಅವಶ್ಯವಾದುದು. ಸೆನೆಟ್ ಸಭೆಯಲ್ಲಿ ಕ್ರೆಮೂಟಿಯಸನು ಆಡಿದನೆನ್ನುವ ಭವ್ಯವಾದ ಭಾಷಣದ ಮಾತುಗಳು ಟ್ಯಾಸಿಟಸನವೇ. ಪ್ರಾಚೀನ ಚರಿತ್ರಕಾರರಿಗೆ ಅದು ಸಲ್ಲುವ ಪದ್ಧತಿಯಾಗಿತ್ತು, ನಮಗೆ ಸಲ್ಲದು. ಗಲ್ಲಿಗೇರಿದವರ ಬಾಯಲ್ಲಿ ನಾವು ಮಾತನ್ನಿಟ್ಟರೆ, ಅವರ ಮೌನವನ್ನೂ ಅಪಹರಿಸಿದಂತಾಗುವುದು. ಅವರಿಗೆ ಸಲ್ಲಬೇಕಾದ ನ್ಯಾಯವು ಸ್ತುತಿಯಲ್ಲ, ದಾಖಲೆಗಳ ನಿಷ್ಠುರವಾದ ಪರಿಶೀಲನೆ.