ಎರಡು ಮೋಟರ್, ಒಂದೇ ಬ್ಯಾಟರಿ

ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳ ಪೈಕಿ ಎರಡು ಮೋಟರಿನದಕ್ಕೆ ಗತ್ತು ಹೆಚ್ಚು. ಒಂದು ಕೈಕೊಟ್ಟರೂ ಇನ್ನೊಂದು ಇದೆಯಲ್ಲ ಎಂಬ ಧೈರ್ಯವೂ ಅದರ ಜೊತೆಗೇ ಬರುತ್ತದೆ. ಪ್ರಯಾಣಿಕರ ವಿಮಾನಕ್ಕೆ ಸಲ್ಲುವ ಈ ಧೈರ್ಯ ಒಂದೂವರೆ ಕಿಲೋ ತೂಕದ ಫೋಮ್ ವಿಮಾನಕ್ಕೆ ಸಲ್ಲದು. ಇಲ್ಲಿ ಮೋಟರ್ ಎರಡಾದರೂ ಸಾಮಾನ್ಯವಾಗಿ ಬ್ಯಾಟರಿ ಒಂದೇ, ರಿಸೀವರ್ ಒಂದೇ.

ಎರಡೂ ಮೋಟರ್ ನಿಂತರೆ ವಿಮಾನ ಗ್ಲೈಡರಿನಂತೆ ತೇಲುತ್ತ ಇಳಿಯುತ್ತದೆ. ಒಂದೇ ನಿಂತರೆ ಕಷ್ಟ. ಓಡುತ್ತಿರುವ ಮೋಟರ್ ತನ್ನ ಕಡೆಯ ರೆಕ್ಕೆಯನ್ನು ಮುಂದಕ್ಕೆ ಎಳೆಯುತ್ತದೆ, ಮೂಗು ನಿಂತ ಮೋಟರಿನ ಕಡೆಗೆ ತಿರುಗುತ್ತದೆ. ವೇಗ ಕಡಿಮೆಯಿದ್ದರೆ ಆ ಕಡೆಯ ರೆಕ್ಕೆ ಕುಸಿದು ವಿಮಾನ ಮಗುಚಿಕೊಳ್ಳುತ್ತದೆ. ಗಾಬರಿಯಾದ ಕೈ ಥ್ರಾಟಲ್ ಏರಿಸುತ್ತದೆ, ಮಗುಚುವುದು ಇನ್ನೂ ಬೇಗ ಆಗುತ್ತದೆ. ಥ್ರಾಟಲ್ ಇಳಿಸಿ, ಮೂಗು ತಗ್ಗಿಸಿ, ರೆಕ್ಕೆ ಮಟ್ಟಕ್ಕೆ ತಂದು, ಎದುರಿಗೆ ಸಿಕ್ಕ ಜಾಗದಲ್ಲಿ ಇಳಿಸುವುದೇ ದಾರಿ.

ಈ ಅಪಾಯಕ್ಕೆ ಸರಳ ಉತ್ತರ ಕೊಟ್ಟದ್ದು ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ಟ್ವಿನ್‌ಸ್ಟಾರ್ 2. ರೆಕ್ಕೆಯ ಹರವು 1.42 ಮೀಟರ್, ಮೈಯೆಲ್ಲ ಎಲಾಪೋರ್ ಫೋಮ್. ಚಕ್ರಗಳಿಲ್ಲ, ಕೈಯಿಂದ ಎಸೆದು ಹಾರಿಸಬೇಕು, ಹೊಟ್ಟೆಯ ಮೇಲೆ ಇಳಿಸಬೇಕು. ಅದರ ಎರಡು ಪುಟ್ಟ ಬ್ರಷ್ ಮೋಟರ್‌ಗಳಿಗೂ ಸೇರಿ ಒಂದೇ ಸ್ಪೀಡ್ ಕಂಟ್ರೋಲರ್ ಸಾಕಾಗುತ್ತಿತ್ತು. ಬಲ ಸಾಧಾರಣವೇ, ಆದರೆ ಚಾರ್ಜ್ ಇಳಿದಾಗ ಎರಡೂ ಒಟ್ಟಿಗೇ ಸೋಲುತ್ತಿದ್ದವು. ಮೂಗಿನಲ್ಲಿ ಪ್ರೊಪೆಲ್ಲರ್ ಇಲ್ಲದ್ದರಿಂದ ಅಲ್ಲಿ ಕ್ಯಾಮೆರಾ ಕೂರಿಸಲೂ ಜಾಗವಿತ್ತು. ಫ್ರಾನ್ಸಿನಲ್ಲಿ ಶುರುವಾದ ಪಪರಾಜಿ ಆಟೊಪೈಲಟ್ ಯೋಜನೆಯವರು ಪ್ರಯೋಗಕ್ಕೆ ಟ್ವಿನ್‌ಸ್ಟಾರನ್ನು ಬಳಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಬ್ರಷ್‌ಲೆಸ್ ಮೋಟರ್ ಮತ್ತು ಲೈಪೊ ಬ್ಯಾಟರಿ ಬಂದ ಮೇಲೆ ಬಲಕ್ಕೆ ಬರವಿಲ್ಲ. ಆದರೆ ಬ್ರಷ್‌ಲೆಸ್ ಮೋಟರಿಗೆ ಕಂಟ್ರೋಲರ್ ಅದರದೇ ಆಗಿರಬೇಕು, ಏಕೆಂದರೆ ರೋಟರ್ ಎಲ್ಲಿದೆ ಎಂದು ಗುರುತಿಸುತ್ತಲೇ ಅದು ವಿದ್ಯುತ್ ಹರಿಸಬೇಕು. ಕಂಟ್ರೋಲರ್ ಎರಡಾದ ಕೂಡಲೇ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಸ್ಥಿತಿಗೂ ದಾರಿಯಾಯಿತು. ಎರಡಕ್ಕೂ ಥ್ರಾಟಲಿನ ಆದಿ ಅಂತ್ಯಗಳನ್ನು ಒಂದೇ ಟ್ರಾನ್ಸ್‌ಮಿಟರಿನಿಂದ ಕಲಿಸದಿದ್ದರೆ ಒಂದು ಮೋಟರ್ ಮೊದಲೇ ಏಳುತ್ತದೆ. ವೋಲ್ಟೇಜ್ ಇಳಿದಾಗ ಮೋಟರನ್ನು ಥಟ್ಟನೆ ನಿಲ್ಲಿಸುವ ಸೆಟ್ಟಿಂಗ್ ಹಾಗೇ ಉಳಿದಿದ್ದರೆ ಒಂದು ಕಂಟ್ರೋಲರ್ ಇನ್ನೊಂದಕ್ಕಿಂತ ಮೊದಲು ಕೈಯೆತ್ತುತ್ತದೆ, ಅದೂ ಇಳಿಯುವ ಹೊತ್ತಿಗೆ. ಬಲವನ್ನು ಮೆಲ್ಲಗೆ ತಗ್ಗಿಸುವ ಸೆಟ್ಟಿಂಗೇ ಇಲ್ಲಿ ಕ್ಷೇಮ.

ಹೊಂದಾಣಿಕೆ ತಪ್ಪಿದೆಯೇ ಎಂದು ಕಿವಿಯೇ ಹೇಳುತ್ತದೆ. ವೇಗ ಕೊಂಚ ಬೇರೆಯಾದರೆ ಎರಡು ಸದ್ದುಗಳು ಸೇರಿ ವುವ್, ವುವ್ ಎಂದು ಏರಿಳಿಯುತ್ತವೆ. ಹತ್ತಿರವಾದಷ್ಟೂ ಏರಿಳಿತ ನಿಧಾನವಾಗಿ, ಕೊನೆಗೆ ಒಂದೇ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ. ಒಂಟಿ ಮೋಟರಿನ ವಿಮಾನದಲ್ಲಿ ಈ ಸುಖವಿಲ್ಲ.

ಹೊಸ ಮಾದರಿಗಳ ದೊಡ್ಡ ಆಕರ್ಷಣೆ, ರಡರ್ (ಬಾಲದ ಚುಕ್ಕಾಣಿ) ಒತ್ತಿದ ಕಡೆಯ ಮೋಟರನ್ನು ತಗ್ಗಿಸಿ ಎದುರಿನದನ್ನು ಏರಿಸುವ ಡಿಫರೆನ್ಶಿಯಲ್ ಥ್ರಸ್ಟ್. ಈ-ಫ್ಲೈಟ್ ಕಂಪನಿಯ 1.2 ಮೀಟರಿನ ಟ್ವಿನ್ ಆಟರ್‌ನಂತೆ ಫ್ಲೋಟ್ ಕಟ್ಟಿ ನೀರಿಗಿಳಿಸುವ ವಿಮಾನದಲ್ಲಿ ಇದು ನಿಜವಾದ ಉಪಕಾರ. ನಿಧಾನವಾಗಿ ಸಾಗುವಾಗ ರಡರಿಗೆ ಗಾಳಿಯ ಹಿಡಿತ ಸಾಲದು, ಮೋಟರ್‌ಗಳೇ ವಿಮಾನವನ್ನು ತಿರುಗಿಸುತ್ತವೆ. ಗಾಳಿಯಲ್ಲಿ ಮಾತ್ರ ಇದು ಬಹುಮಟ್ಟಿಗೆ ತೋರಿಕೆಯ ಆಟ. ವಿಮಾನವನ್ನು ಚಕ್ಕಡಿ ಗಾಲಿಯಂತೆ ಗಿರಗಿರ ತಿರುಗಿಸಿದರೆ ನೋಡುವವರು ಚಪ್ಪಾಳೆ ತಟ್ಟುತ್ತಾರೆ, ಹಾರಿಸುವವರು ಕಲಿಯುವುದು ಕಡಿಮೆ.

ನನ್ನ ತಕರಾರು ಇರುವುದು ಇಲ್ಲೇ. ಡಿಫರೆನ್ಶಿಯಲ್ ಥ್ರಸ್ಟ್‌ಗಾಗಿ ಎರಡು ಮೋಟರ್‌ಗಳನ್ನು ಬೇರೆ ಬೇರೆ ಚಾನೆಲ್‌ಗೆ ಹಾಕಿದ್ದಾಯಿತು. ಅದೇ ವ್ಯವಸ್ಥೆಯಲ್ಲಿ ಒಂದು ಸ್ವಿಚ್ಚಿನಿಂದ ಒಂದೇ ಮೋಟರನ್ನು ನಿಲ್ಲಿಸಿಯೂ ನೋಡಬಹುದು. ಸಾಕಷ್ಟು ಎತ್ತರದಲ್ಲಿ, ಬೇಕೆಂದೇ ಒಂದನ್ನು ನಿಲ್ಲಿಸಿ, ಎಷ್ಟು ಥ್ರಾಟಲ್‌ವರೆಗೆ ರಡರ್ ತಡೆದುಕೊಳ್ಳುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿದುಕೊಳ್ಳಬಹುದು. ಆಟಕ್ಕೆ ಮೀಸಲಾದ ಅನುಕೂಲ ಹೀಗೆ ಅಭ್ಯಾಸಕ್ಕೂ ಒದಗಿದರೆ ಆ ಗತ್ತಿಗೆ ಅರ್ಥ ಬರುತ್ತದೆ. ಮೊದಲ ವಿಮಾನವಾಗಿ ಎರಡು ಮೋಟರಿನದನ್ನು ಯಾರಿಗೂ ಹೇಳಲಾರೆ; ಐಲರಾನ್, ರಡರ್ ಎರಡೂ ಕೈಗೆ ಕೂತವರಿಗೆ ಧಾರಾಳವಾಗಿ ಹೇಳುತ್ತೇನೆ.