ವನ್ಯಪ್ರದೇಶದ ವಲಯಗಳೂ ಸಂದರ್ಶಕರ ಅಭಿಮತವೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಅರಣ್ಯ ಇಲಾಖೆಯು 1985ರಲ್ಲಿ ಪ್ರಕಟಿಸಿದ ‘ಸಹ್ಯ ವ್ಯತ್ಯಾಸದ ಮಿತಿಗಳು’ ಎಂಬರ್ಥದ ಹೆಸರುಳ್ಳ ಪ್ರಬಂಧವು ಸ್ಟ್ಯಾಂಕಿ, ಕೋಲ್ ಮೊದಲಾದ ಐವರ ಕೃತಿ. ವನ್ಯಪ್ರದೇಶವು ಎಷ್ಟು ಜನರನ್ನು ತಾಳಬಲ್ಲುದೆಂಬ ಹಳೆಯ ಪ್ರಶ್ನೆಯನ್ನು ಬಿಟ್ಟು, ಅಲ್ಲಿ ಎಂತಹ ಸ್ಥಿತಿಯು ಉಳಿಯತಕ್ಕದ್ದೆಂದು ಕೇಳಿದುದೇ ಇದರ ಹಿರಿಮೆ. ಏಕಾಂತವನ್ನರಸಿ ಬಂದವನಿಗೂ ಸಂಗಡಿಗರೊಡನೆ ವಿಹರಿಸಬಂದವನಿಗೂ ಒಂದೇ ಅಳತೆಯು ಸಲ್ಲದೆಂದರಿತು, ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಬಿಡಾರದ ನೆಲದ ಸವೆತ, ದಾರಿಯಲ್ಲಿ ಎದುರಾಗುವ ತಂಡಗಳ ಸಂಖ್ಯೆ ಮುಂತಾದವುಗಳಿಗೆ ವಲಯವಲಯಕ್ಕೆ ಬೇರೆ ಮಿತಿಯನ್ನು ಗೊತ್ತುಮಾಡಬೇಕೆಂದು ಗ್ರಂಥಕರ್ತರು ವಿಧಿಸುತ್ತಾರೆ. ಮಾಂಟಾನಾದ ಬಾಬ್ ಮಾರ್ಷಲ್ ವನ್ಯಪ್ರದೇಶಕ್ಕಾಗಿ ನಾಗರಿಕರೂ ವಿಜ್ಞಾನಿಗಳೂ ಅಧಿಕಾರಿಗಳೂ ಕೂಡಿ ಆಲೋಚಿಸಿ ಸಿದ್ಧಪಡಿಸಿದ 1987ರ ಯೋಜನೆಯು ಈ ಮಾರ್ಗದ ಮುಖ್ಯ ಪರೀಕ್ಷೆ.

ಆದರೆ ಕ್ರಮದಲ್ಲಿ ದೋಷವೊಂದುಂಟು. ಒಂಬತ್ತು ಹಂತಗಳಲ್ಲಿ ನಾಲ್ಕನೆಯದು ಇರುವ ಸ್ಥಿತಿಯ ಗಣನೆ. ಐದನೆಯದು ಮಿತಿಯ ನಿರ್ಣಯ. ಮಿತಿಯು ಕಾರ್ಯಸಾಧ್ಯವಾಗಲೆಂದು ಹೀಗಿಟ್ಟರೂ, ಆಗಲೇ ಕೆಟ್ಟ ನೆಲವೇ ಪ್ರಮಾಣವಾಗುವ ಭಯವಿದೆ. ಮೇಲಾಗಿ, ಸ್ಥಳದಲ್ಲಿ ವಿಚಾರಿಸಿದರೆ ಉತ್ತರ ಕೊಡುವವನು ಬಂದವನೇ. ಜನಸಂದಣಿಗೆ ಬೇಸತ್ತು ಬರುವುದನ್ನೇ ಬಿಟ್ಟವನ ಅಭಿಮತವು ಲೆಕ್ಕಕ್ಕೆ ಸಿಕ್ಕದು. ಸಂದಣಿಯನ್ನು ಸಹಿಸುವವರೇ ಉಳಿದಂತೆ ಮಿತಿಯೂ ಮೆಲ್ಲನೆ ಸಡಿಲವಾಗುತ್ತದೆ. ಬಾರದವರನ್ನೂ ವಿಚಾರಿಸಿ, ಜನರು ತುಳಿಯದ ನೆಲವನ್ನು ಹೋಲಿಕೆಗಿಟ್ಟು ನಿರ್ಣಯಿಸಿದರೆ ಈ ಪದ್ಧತಿಯ ಗುಣವು ಪೂರ್ಣವಾದೀತು.